ಕೊಲೆಗಾರನನ್ನು ಬಚ್ಚಿಡದ ರಂಗಭೂಮಿ

ಲಂಡನ್ನಿನ ಅಂಬ್ಯಾಸಡರ್ಸ್ ರಂಗಮಂದಿರದಲ್ಲಿ 1952ರ ನವೆಂಬರ್ 25ರಂದು ಆರಂಭವಾಗಿ, 1974ರಲ್ಲಿ ಪಕ್ಕದ ಸೇಂಟ್ ಮಾರ್ಟಿನ್ಸ್ ರಂಗಮಂದಿರಕ್ಕೆ ಬಿಡಾರ ಬದಲಿಸಿ, 2012ರಲ್ಲಿ ಇಪ್ಪತ್ತೈದು ಸಾವಿರದ ಪ್ರಯೋಗಸಂಖ್ಯೆಯನ್ನು ಮುಟ್ಟಿ, 2020ರ ಮಹಾಮಾರಿ ಬಾಗಿಲು ಹಾಕಿಸುವವರೆಗೂ ಅವ್ಯಾಹತವಾಗಿ ನಡೆದುಬಂದ ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಆಯುಷ್ಯವನ್ನು ನೆನೆದಾಗ, ಕನ್ನಡದ ನಾಟಕಾಭಿಮಾನಿಗೆ ಅಸೂಯೆಯೊಡನೆ ಒಂದು ಪ್ರಶ್ನೆಯೂ ಹುಟ್ಟದಿರದು. ಮುಚ್ಚಿದ ಮನೆ, ಹೊರಗೆ ಹಿಮಪಾತ, ಒಳಗೆ ಒಂದು ಹೆಣ, ಎಲ್ಲರ ಮೇಲೂ ಸಂಶಯ, ಕಡೆಯ ಕೆಲವು ನಿಮಿಷಗಳಲ್ಲಿ ರಹಸ್ಯಭೇದನ, ಪರದೆ ಬೀಳುವ ಮುನ್ನ ‘ಈ ಗುಟ್ಟನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ’ ಎಂದು ಪ್ರೇಕ್ಷಕರಿಗೆ ನಟವರ್ಗದ ವಿಜ್ಞಾಪನೆ: ಇಷ್ಟು ಸರಳವಾದ ಈ ಯಂತ್ರವು ನಮ್ಮ ರಂಗಭೂಮಿಯಲ್ಲಿ ಏಕೆ ಬೇರೂರಲಿಲ್ಲ?

ಕನ್ನಡಿಗರಿಗೆ ಪತ್ತೇದಾರಿಯ ರುಚಿಯೇ ಇರಲಿಲ್ಲವೆಂದು ಉತ್ತರಿಸಿ ಕೈತೊಳೆದುಕೊಳ್ಳುವಂತಿಲ್ಲ. ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಮೀರಿದ ಕಾದಂಬರಿಗಳನ್ನು ಬರೆದು, ಓದುಬಲ್ಲ ಪ್ರತಿಯೊಬ್ಬನನ್ನೂ ಓದುಗನನ್ನಾಗಿ ಮಾಡಿದರು. ಕನ್ನಡಕ್ಕೆ ಹಳದಿ-ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರು. ಸ್ವಾತಂತ್ರ್ಯಾನಂತರ ಬೆಂಗಳೂರು ಪಶ್ಚಿಮಕ್ಕೆ ಹಬ್ಬಿ, ಕಾರ್ಖಾನೆಗಳ ಆಸರೆಯಲ್ಲಿ ರಾಜಾಜಿನಗರ, ಅದರ ಬೆನ್ನಿಗೆ ವಿಜಯನಗರ, ಬಸವೇಶ್ವರನಗರಗಳು ಎದ್ದುನಿಂತ ಕಾಲದಲ್ಲಿ, ಪಾಳಿ ಮುಗಿಸಿ ಬಂದ ಕಾರ್ಮಿಕನೂ ಮಧ್ಯಾಹ್ನದ ಬಿಡುವಿನ ಗೃಹಿಣಿಯೂ ಬಾಡಿಗೆಗೆ ತಂದು ಓದುತ್ತಿದ್ದುದು ಇಂಥ ಪುಸ್ತಕಗಳನ್ನೇ. ಹಾಗಿದ್ದೂ ಅದೇ ಕಾರ್ಮಿಕ, ಅದೇ ಗೃಹಿಣಿ ನಾಟಕಕ್ಕೆಂದು ಹೊರಟಾಗ ಕೊಲೆಗಾರನನ್ನು ಹುಡುಕಲು ಹೊರಡುತ್ತಿರಲಿಲ್ಲ.

ಕಾರಣದ ಒಂದು ಭಾಗ ಕೇವಲ ಲೆಕ್ಕಾಚಾರದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಾಗಲಿ ಅದರ ಓರಗೆಯ ಮಂಡಳಿಗಳಾಗಲಿ ಬದುಕಿದ್ದು ಒಮ್ಮೆ ನೋಡಿದವನು ಮತ್ತೆ ಬರುತ್ತಾನೆಂಬ ಭರವಸೆಯ ಮೇಲೆ. ಕ್ಯಾಂಪು ಹೂಡಿದ ಊರಿನಲ್ಲಿ ಒಂದೇ ನಾಟಕವನ್ನು ಒಬ್ಬನೇ ರಸಿಕನು ಹಲವು ಬಾರಿ ನೋಡುತ್ತಿದ್ದನು. ಕಥೆಗಾಗಿ ಅಲ್ಲ, ಒಂದು ರಂಗಗೀತೆಗಾಗಿ, ಒಬ್ಬ ನಟನ ಪ್ರವೇಶಕ್ಕಾಗಿ, ಕಣ್ಣೆದುರಿಗೇ ಬದಲಾಗುವ ಒಂದು ಟ್ರಾನ್ಸ್‌ಫರ್ ಸೀನಿಗಾಗಿ. ಗುಟ್ಟೊಂದೇ ಬಂಡವಾಳವಾದ ನಾಟಕವು ಮೊದಲ ರಾತ್ರಿಯೇ ಅವನ ಪಾಲಿಗೆ ದಿವಾಳಿಯೆದ್ದುಹೋಗುತ್ತಿತ್ತು. ದೇಶದೇಶಗಳಿಂದ ಬಂದಿಳಿಯುವ ಪ್ರವಾಸಿಗರು ಪ್ರತಿರಾತ್ರಿಯೂ ಹೊಸಬರಾಗಿ ಬಂದು ಕುಳಿತುಕೊಳ್ಳುವ ಲಂಡನ್ನಿಗೆ ಆ ಭಯವಿಲ್ಲ. ಮೇಲಾಗಿ, ಸತ್ತು ಬಿದ್ದ ಪಾತ್ರಧಾರಿಯು ‘ಒನ್ಸ್ ಮೋರ್’ ಎಂಬ ಕೂಗಿಗೆ ಎದ್ದು ಕುಳಿತು, ಮರಣಗೀತೆಯನ್ನು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿದ್ದ ರಂಗದ ಮೇಲೆ ಶವಪರೀಕ್ಷೆಗೆ ಎಡೆಯಾದರೂ ಎಲ್ಲಿ?

ಆದರೆ ಲೆಕ್ಕಾಚಾರವೊಂದೇ ಕಾರಣವಾಗಿದ್ದರೆ, ಟಿಕೀಟಿನ ಹಂಗಿಲ್ಲದ ಕಡೆಯಲ್ಲಾದರೂ ರಹಸ್ಯನಾಟಕ ಚಿಗುರಬೇಕಾಗಿತ್ತು. ಕೆಂಗೇರಿಯಿಂದ ಮಾಗಡಿಯವರೆಗಿನ ಹಳ್ಳಿಗಳಲ್ಲಿ, ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಬಾಡಿಗೆಯ ಸೀನರಿ ತರಿಸಿ, ರಾತ್ರಿಯಿಡೀ ಆಡುವ ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನು ತೊಡೆಮುರಿದು ಬೀಳುವನೆಂಬುದು ಮುಂದಿನ ಸಾಲಿನ ಕೂಸಿಗೂ ಗೊತ್ತು, ಬೀಳುವುದಕ್ಕೆ ಮುನ್ನ ಅವನು ಹೇಗೆ ನಿಲ್ಲುತ್ತಾನೆಂಬುದನ್ನು ನೋಡಲೆಂದೇ ಊರು ಎಚ್ಚರವಾಗಿರುತ್ತದೆ. ಫಲವನ್ನು ಬಲ್ಲ ಪ್ರೇಕ್ಷಕನು ಕಾರಣವನ್ನೂ ಸ್ವಭಾವವನ್ನೂ ನೋಡಲು ಕುಳಿತಿರುತ್ತಾನೆ. ನಮ್ಮ ನಾಟಕಪರಂಪರೆ ಕೊಲೆಯನ್ನು ಕೈಗೆತ್ತಿಕೊಂಡಾಗಲೆಲ್ಲ ಈ ಅಭ್ಯಾಸವನ್ನೇ ಆಧರಿಸಿತೆಂಬುದು ನನ್ನ ಮತ.

ಕೊಲೆಯ ವಸ್ತುವಿಗೇನೂ ನಮ್ಮಲ್ಲಿ ದಾರಿದ್ರ್ಯವಿಲ್ಲ. ಎಂ. ಎಲ್. ಶ್ರೀಕಂಠೇಶಗೌಡರು 1895ರಲ್ಲಿ ‘ಮ್ಯಾಕ್‌ಬೆತ್’ ನಾಟಕವನ್ನು ‘ಪ್ರತಾಪರುದ್ರದೇವ’ವಾಗಿ ರೂಪಾಂತರಿಸಿದಂದಿನಿಂದ ರಾಜಹತ್ಯೆ ನಮ್ಮ ರಂಗಕ್ಕೆ ಪರಿಚಿತವೇ. ಸಂಸರು ತಮ್ಮ ‘ವಿಗಡ ವಿಕ್ರಮರಾಯ’ಕ್ಕೆ ನಾಯಕನನ್ನಾಗಿ ಆರಿಸಿಕೊಂಡದ್ದು, ಇಮ್ಮಡಿ ರಾಜ ಒಡೆಯರಿಗೆ ವಿಷವಿತ್ತನೆಂದು ಮೈಸೂರಿನ ಇತಿಹಾಸವು ದೂರುವ ದಳವಾಯಿಯನ್ನು. ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆಂಬ ಭೀತಿಯಲ್ಲಿ ಊರೂರು ಅಲೆದು 1939ರಲ್ಲಿ ತಾವಾಗಿಯೇ ಪ್ರಾಣ ನೀಗಿದ ಆ ಲೇಖಕರು, ಅಪರಾಧಿಯನ್ನು ಹೊರಗಿನಿಂದ ಪತ್ತೆಹಚ್ಚುವ ನಾಟಕವನ್ನು ಬರೆಯದೆ ಅಪರಾಧಿಯ ಒಳಗನ್ನೇ ಹೊಕ್ಕದ್ದು ಸಹಜವೆಂದು ತೋರುತ್ತದೆ. ಕುವೆಂಪು ಅವರ ‘ರಕ್ತಾಕ್ಷಿ’ಯೂ ಹೀಗೆಯೇ. ಹ್ಯಾಮ್ಲೆಟ್‌ನ ಕಥೆಯನ್ನು ಅವರು ಬಿದನೂರಿಗೆ ಕರೆತಂದಾಗ, ರಾಣಿ ವೀರಮ್ಮಾಜಿ, ಅವಳ ಪ್ರಿಯನೆನ್ನಲಾದ ನಿಂಬಯ್ಯ ಮತ್ತು ಕೊಲೆಯಾದನೆನ್ನಲಾದ ಎಳೆಯ ಅರಸನ ಸುತ್ತ ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಹಬ್ಬಿದ್ದ ವದಂತಿಯೇ ಡೆನ್ಮಾರ್ಕಿನ ಅರಮನೆಗೆ ಸಾಟಿಯಾಗಿ ಒದಗಿಬಂತು. ಕ್ರಿಸ್ಟಿಯವರು ಹ್ಯಾಮ್ಲೆಟ್ಟಿನಿಂದ ಎತ್ತಿಕೊಂಡದ್ದು ತಮ್ಮ ನಾಟಕದ ಹೆಸರನ್ನು ಮಾತ್ರ. ಕುವೆಂಪು ಎತ್ತಿಕೊಂಡದ್ದು ಸೇಡಿನ ಭಾರವನ್ನು.

ಈ ಪರಂಪರೆಯ ನಿಜವಾದ ಪರೀಕ್ಷೆ ನಡೆದದ್ದು 1972ರಲ್ಲಿ, ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ, ಮುಂದೆ ಸಂಸರ ಹೆಸರನ್ನೇ ಹೊತ್ತ ರಂಗದಲ್ಲಿ. ಬಿ. ವಿ. ಕಾರಂತರು ಅಲ್ಲಿ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳೊಂದಿಗೆ ಪಿ. ಲಂಕೇಶರು ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ಅನ್ನೂ ಆಡಿಸಿದರು. ಆ ಪ್ರಯೋಗಗಳನ್ನು ನೆನೆಯುವವರು ಹಾಡು ಕುಣಿತಗಳ ‘ಜೋಕುಮಾರಸ್ವಾಮಿ’ಯನ್ನೇ ಮೊದಲು ನೆನೆಯುತ್ತಾರೆ, ಆದರೆ ನಮ್ಮ ಪ್ರಸ್ತುತ ಪ್ರಶ್ನೆಗೆ ‘ಈಡಿಪಸ್’ ಪ್ರಯೋಗವೇ ಹೆಚ್ಚು ಮಹತ್ವದ್ದು. ಏಕೆಂದರೆ ಸೋಫೋಕ್ಲಿಸನ ಅಥೆನ್ಸಿಗೆ ಆ ಕಥೆ ನಮಗೆ ಕುರುಕ್ಷೇತ್ರವಿದ್ದಷ್ಟು ಪರಿಚಿತ. ಕಲಾಕ್ಷೇತ್ರಕ್ಕೆ ಬಸ್ಸು ಹಿಡಿದು ಬಂದ ರಾಜಾಜಿನಗರದ ಗುಮಾಸ್ತನಿಗೋ ಅದು ಅಪ್ಪಟ ಹೊಸತು. ಹಿಂದಿನ ದೊರೆ ಲಾಯಸನನ್ನು ಕೊಂದವರಾರು? ಅವನು ನಿಜವಾಗಿಯೂ ಉತ್ತರವನ್ನರಿಯದೆ ಕುಳಿತಿದ್ದನು. ರಹಸ್ಯನಾಟಕವು ಕನ್ನಡದಲ್ಲಿ ಸಿದ್ಧಿಸಲು ಇದಕ್ಕಿಂತ ಅನುಕೂಲವಾದ ಗಳಿಗೆ ಬರಲಾರದು.

ಆಗ ನಾಟಕವು ಮಾಡುವುದೇನು? ಮೂರನೆಯ ಒಂದು ಭಾಗ ಕಳೆಯುವಷ್ಟರಲ್ಲಿಯೇ ಕುರುಡ ಕಾಲಜ್ಞಾನಿ ಟೈರೀಸಿಯಸನನ್ನು ಕರೆಸಿ, ನೀನು ಹುಡುಕುವ ಹಂತಕನು ನೀನೇ ಎಂದು ದೊರೆಯ ಮುಖಕ್ಕೆ ಹೇಳಿಸಿಬಿಡುತ್ತದೆ. ಗುಟ್ಟು ಅಲ್ಲಿಗೆ ಬಯಲು. ದೊರೆ ನಂಬುವುದಿಲ್ಲ, ಅವನೊಡನೆ, ಕಥೆಯರಿಯದ ಪ್ರೇಕ್ಷಕನೂ ಮೊದಲಿಗೆ ಪೂರ್ತಿ ನಂಬುವುದಿಲ್ಲ. ಅಲ್ಲಿಂದ ಮುಂದಿನ ಪ್ರತಿಯೊಂದು ಸಾಕ್ಷ್ಯವೂ ದೊರೆಯ ಮೇಲೆ ಎರಡು ಬಗೆಯಲ್ಲಿ ಎರಗುತ್ತದೆ. ಮೂರು ದಾರಿ ಕೂಡುವೆಡೆಯಲ್ಲಿ ಕೊಲೆ ನಡೆಯಿತೆಂದು ಸಮಾಧಾನ ಹೇಳಹೊರಟ ರಾಣಿ ಜೊಕಾಸ್ತೆಯ ಮಾತೇ ದೊರೆಯ ಎದೆಯನ್ನು ಇರಿಯುತ್ತದೆ. ಬದುಕುಳಿದ ಆಳು ‘ಕಳ್ಳರು’ ಎಂದಿದ್ದನಲ್ಲವೆ, ಕೊಂದವರು ಹಲವರಾದರೆ ತಾನು ನಿರಪರಾಧಿ ಎಂಬ ಬಹುವಚನದ ಕಡ್ಡಿಯನ್ನು ಅವನು ಮುಳುಗುವಾಗ ಹಿಡಿಯುತ್ತಾನೆ. ಶುಭವಾರ್ತೆಯೆಂದು ಕೊರಿಂಥಿನಿಂದ ಬಂದ ದೂತನು ಕೊರಳಿಗೆ ಹಗ್ಗ ತಂದಿರುತ್ತಾನೆ. ಪತ್ತೇದಾರನೇ ಅಪರಾಧಿಯಾಗಿರುವ ಈ ತನಿಖೆಯ ಹೆಣಿಗೆಯಲ್ಲಿ ಒಂದು ಎಳೆಯೂ ಸಡಿಲವಿಲ್ಲ. ಗೊತ್ತಿಲ್ಲದವನಿಗೂ ಗೊತ್ತುಮಾಡಿಸಿ, ಗೊತ್ತಾದದ್ದನ್ನು ಒಪ್ಪಿಕೊಳ್ಳುವ ಯಾತನೆಯನ್ನೇ ನಾಟಕವಾಗಿಸಿದ ಈ ಕ್ರಮವು, ಗ್ರೀಸಿನದಾದರೂ, ನಮ್ಮ ಬಯಲಾಟದ ಪ್ರೇಕ್ಷಕನ ಮನೋಧರ್ಮಕ್ಕೆ ಎಷ್ಟು ಹೊಂದಿಕೊಂಡಿತೆಂದರೆ, ಪತ್ತೇದಾರಿಗೂ ಪುರಾಣಕ್ಕೂ ಇದೆಯೆಂದು ನಾವು ಭಾವಿಸಿದ್ದ ಅಂತರವೇ ಅಲ್ಲಿ ಇಲ್ಲವಾಯಿತು.

ಈಡಿಪಸನ ಈ ದೀರ್ಘ ತನಿಖೆಗೆ ತದ್ವಿರುದ್ಧವಾದ ಒಂದು ನಿದರ್ಶನ ಗಿರೀಶ ಕಾರ್ನಾಡರ ‘ತುಘಲಕ್’ನಲ್ಲಿದೆ, ಸಿ. ಆರ್. ಸಿಂಹ ಅವರ ಅಭಿನಯದಿಂದ ಬೆಂಗಳೂರಿಗೆ ಮನೆಮಾತಾದ ಈ ನಾಟಕವನ್ನು ಕೊಲೆಯ ನಾಟಕವೆಂದು ಯಾರೂ ಕರೆಯುವುದಿಲ್ಲವಷ್ಟೆ. ಸುಲ್ತಾನನ ಬಲಗೈಯಾದ ನಜೀಬನು ವಿಷಪ್ರಾಶನದಿಂದ ಸತ್ತಿದ್ದಾನೆ, ಅದೂ ತೆರೆಯ ಮರೆಯಲ್ಲಿ. ಸುಲ್ತಾನನು ತನಿಖೆಗಾಗಿ ಅಮೀರರನ್ನು ಹಿಂಸಿಸುತ್ತಿದ್ದಾನೆ. ಇಂಗ್ಲಿಷ್ ಪತ್ತೇದಾರಿ ನಾಟಕಕಾರನಿಗೆ ಸಂಪೂರ್ಣ ಎರಡು ಗಂಟೆಗಳ ಸಾಮಗ್ರಿ! ಕಾರ್ನಾಡರು ಅದನ್ನು ಒಂದೇ ದೃಶ್ಯದಲ್ಲಿ ಮುಗಿಸುತ್ತಾರೆ: ಕೊಲ್ಲಿಸಿದವಳು ತಾನೆಂದು ಮಲತಾಯಿ ತಾನಾಗಿಯೇ ಒಪ್ಪಿಕೊಳ್ಳುತ್ತಾಳೆ. ಅವಳಿಗೆ ಸುಲ್ತಾನನು ಏನು ಶಿಕ್ಷೆ ವಿಧಿಸುವನು ಎಂಬುದೇ ಕಾರ್ನಾಡರಿಗೆ ಮುಖ್ಯ.

ಇಷ್ಟು ಹೊಗಳಿದ ಮೇಲೆ ದೂರನ್ನೂ ಹೇಳಬೇಕು. ಕೊಲೆಗಾರನನ್ನು ಬಚ್ಚಿಡದ ನಮ್ಮ ರಂಗಭೂಮಿ, ಬಚ್ಚಿಡಲು ಬೇಕಾದ ಕುಶಲತೆಯನ್ನೂ ಕಲಿಯದೆ ಹೋಯಿತು. ಯಾವ ಬಾಗಿಲಿನಿಂದ ಯಾರು ಎಷ್ಟು ಹೊತ್ತಿಗೆ ಬಂದರು, ಪತ್ರ ಯಾರ ಕೈಯಲ್ಲಿತ್ತು, ದೀಪ ಆರಿದಾಗ ಮೇಜಿನ ಮೇಲೆ ಏನಿತ್ತು ಎಂಬ ಒಣ ಪ್ರಶ್ನೆಗಳನ್ನು ನಮ್ಮ ನಾಟಕಕಾರರು ತಿರಸ್ಕಾರದಿಂದ ನೋಡಿದರು. ಪರಿಣಾಮವಾಗಿ, ಆತ್ಮಸಾಕ್ಷಿಯ ಮಾತುಗಳು ಗಂಭೀರವಾಗಿ ಹರಿಯುವ ಎಷ್ಟೋ ಕನ್ನಡ ನಾಟಕಗಳಲ್ಲಿ ಕೊಲೆಯು ಹೇಗೆ ಸಾಧ್ಯವಾಯಿತೆಂಬುದೇ ಅರಿವಾಗದು. ಪಾತ್ರಗಳು ಪಶ್ಚಾತ್ತಾಪಪಡುವ ವೇಗದಲ್ಲಿ ಕಾರ್ಯಕಾರಣಸಂಬಂಧ ಹಿಂದುಳಿದುಬಿಡುತ್ತದೆ. ಕ್ರಿಸ್ಟಿಯವರ ಪಾತ್ರಗಳು ರಟ್ಟಿನವೆಂದು ನಗುವ ನಾವು, ಆಕೆಯ ಬಾಗಿಲುಗಳಾದರೂ ಗಟ್ಟಿಯಾಗಿವೆಯೆಂಬುದನ್ನು ಒಪ್ಪಿಕೊಳ್ಳಬೇಕು.

ಕಲಿಯಲು ಲಂಡನ್ನಿಗೇ ಹೋಗಬೇಕಾಗಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಎಂಟನೆಯ ಅಂಕದಲ್ಲಿ ಶಕಾರನು ವಸಂತಸೇನೆಯ ಕತ್ತು ಹಿಸುಕಿ ಒಣಗಿದ ಎಲೆಗಳಿಂದ ಮುಚ್ಚುವುದನ್ನೂ, ಭಿಕ್ಷುವಿನ ಉಪಚಾರದಿಂದ ಅವಳು ಚೇತರಿಸಿಕೊಳ್ಳುವುದನ್ನೂ ನಾವು ಕಂಡಿರುತ್ತೇವೆ. ಆದ್ದರಿಂದ ಒಂಬತ್ತನೆಯ ಅಂಕದ ನ್ಯಾಯಸಭೆಯಲ್ಲಿ ಆಗದ ಕೊಲೆಗೆ ನಿರಪರಾಧಿಯಾದ ಅವಳ ಪ್ರಿಯ ಚಾರುದತ್ತನ ವಿಚಾರಣೆ ನಡೆಯುತ್ತಿದೆಯೆಂಬುದು ಗೊತ್ತಿರುವುದು ನಮಗೆ ಮಾತ್ರ. ದೂರು ತಂದವನೇ ಹಂತಕನು. ನ್ಯಾಯಾಧೀಶನಾದ ಅಧಿಕರಣಿಕನು ಮೂರ್ಖನಲ್ಲ, ದುಷ್ಟನೂ ಅಲ್ಲ. ಶ್ರೇಷ್ಠಿಕಾಯಸ್ಥರೊಡನೆ ಕುಳಿತು ಸಾಕ್ಷ್ಯವನ್ನು ತೂಗುವ ಸಜ್ಜನ. ವೀರಕನು ಉದ್ಯಾನಕ್ಕೆ ಹೋಗಿ ಯಾರದೋ ಹೆಣ್ಣಿನ ಶವವನ್ನು ಕಂಡುಬರುತ್ತಾನೆ. ವಸಂತಸೇನೆಯ ತಾಯಿ ಮಗಳ ಒಡವೆಗಳನ್ನು ಗುರುತಿಸಿಯೂ, ಚಾರುದತ್ತನನ್ನು ಉಳಿಸಲೆಂದು, ಇವು ಅವುಗಳಂತಿವೆ, ಅವೇ ಅಲ್ಲವೆನ್ನುತ್ತಾಳೆ. ಸತ್ಯವೆಲ್ಲ ಸುಳ್ಳಿನ ಪಕ್ಷಕ್ಕೆ ಸೇರಿಕೊಳ್ಳುವ ಈ ಅಂಕದಷ್ಟು ನಿಷ್ಕರುಣವಾದ ಕೋರ್ಟ್ ಸೀನನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಇಂದು ಪಶ್ಚಿಮ ಬೆಂಗಳೂರಿನವರು ನಾಟಕಕ್ಕಾಗಿ ಕಲಾಕ್ಷೇತ್ರವಿರುವ ಜೆ. ಸಿ. ರಸ್ತೆಗೇ ಹೋಗಬೇಕಾಗಿಲ್ಲ. ಬಸವೇಶ್ವರನಗರದಲ್ಲಿ ಕೆ.ಇ.ಎ. ಪ್ರಭಾತ್ ರಂಗಮಂದಿರವಿದೆ, ವಿಜಯನಗರದ ಬಿಂಬವು ಮಕ್ಕಳಿಗೆ ರಂಗದ ರುಚಿ ಹತ್ತಿಸುತ್ತಿದೆ, ಕೆಂಗೇರಿಗೆ ಸಮೀಪದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವೇ ನೆಲೆಸಿದೆ. ಇವರಲ್ಲಿ ಯಾರಾದರೂ ಮೃಚ್ಛಕಟಿಕದ ಒಂಬತ್ತನೆಯ ಅಂಕವೊಂದನ್ನೇ ಪ್ರತ್ಯೇಕಿಸಿ, ಹಾಡಿಲ್ಲದೆ, ಅಲಂಕಾರವಿಲ್ಲದೆ, ಗಡಿಯಾರ ಹಿಡಿದು ಅಭ್ಯಾಸ ಮಾಡಿ ಆಡಬೇಕೆಂಬುದು ನನ್ನ ಬಹುಕಾಲದ ಆಸೆ. ಅದಕ್ಕೆ ಬೇಕಾದದ್ದು ಒಂದು ಪೀಠ, ಐದಾರು ಮಂದಿ ನಟರು, ಒಂದು ಒಡವೆಯ ಗಂಟು. ಶಕಾರನೊಡನೆ ಜಗಳಕ್ಕೆ ಬಿದ್ದ, ಚಾರುದತ್ತನ ಗೆಳೆಯ ಮೈತ್ರೇಯನ ಕಂಕುಳಿನಿಂದ ಆ ಗಂಟು ಎಲ್ಲರ ಕಣ್ಣೆದುರಿಗೆ ಜಾರಿ ಬೀಳಬೇಕು. ಒಂದು ಕ್ಷಣ ಮೊದಲು ಬಿದ್ದರೆ ಪ್ರಹಸನ, ಒಂದು ಕ್ಷಣ ತಡವಾದರೆ ಚಾರುದತ್ತನಿಗೆ ಶೂಲವೇ ಇಲ್ಲ.