ಮಣ್ಣಿನ ಗೋಡೆಗೆ ಸಿಮೆಂಟಿನ ಹೊದಿಕೆ ಸರಿಯೇ?

ಮಣ್ಣಿನ ಗೋಡೆಯ ಬುಡ ಒದ್ದೆಯಾಗಿ ಉದುರತೊಡಗಿದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: 'ಸಿಮೆಂಟಿನ ಗಿಲಾವು ಮಾಡಿಸಿಬಿಡಿ'. ನೀರನ್ನು ತಡೆಯಲು ನೀರು ನುಸುಳದ ಹೊದಿಕೆ ಬೇಕೆಂಬ ಈ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ಲೋಪವಿದೆ. ಗೋಡೆಗೆ ನೀರು ಬರುವುದನ್ನಷ್ಟೇ ಇದು ಗಮನಿಸುತ್ತದೆ. ಬಂದ ನೀರು ಹೇಗೆ ಹೊರಹೋಗಬೇಕೆಂಬುದನ್ನು ಮರೆಯುತ್ತದೆ.

ಇದೇ ಲೋಪ ನಮ್ಮ ತರಗತಿಯ ಪಾಠದಲ್ಲಿಯೂ ಇದೆ. ಲೋಮನಾಳದಲ್ಲಿ ನೀರು ಏರುವ ಎತ್ತರವು ನಾಳದ ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿರುತ್ತದೆ ಎಂದು ನೀವು ಓದಿದ್ದೀರಿ. ತ್ರಿಜ್ಯ 0.1 ಮಿಲಿಮೀಟರ್ ಇದ್ದರೆ ನೀರು ಸುಮಾರು 15 ಸೆಂಟಿಮೀಟರ್ ಏರುತ್ತದೆ. 1 ಮೈಕ್ರೋಮೀಟರ್ ಆದರೆ, ಲೆಕ್ಕದ ಪ್ರಕಾರ, ಸುಮಾರು 15 ಮೀಟರ್! ಮಣ್ಣಿನ ಗೋಡೆಯಲ್ಲಿ ಅಷ್ಟು ಸೂಕ್ಷ್ಮ ರಂಧ್ರಗಳು ಧಾರಾಳವಾಗಿವೆ. ಹಾಗಿದ್ದರೆ ಗೋಡೆ ಸೂರಿನವರೆಗೂ ಏಕೆ ನೆನೆಯುವುದಿಲ್ಲ?

ರಂಧ್ರ ಕಿರಿದಾದಷ್ಟೂ ಸ್ನಿಗ್ಧತೆಯ ಕಾರಣದಿಂದ ನೀರಿನ ಏರಿಕೆ ನಿಧಾನವಾಗುತ್ತದೆ. ಅಷ್ಟರಲ್ಲಿ ಗೋಡೆಯ ಮೈಯಿಂದ ನೀರು ಆವಿಯಾಗುತ್ತಿರುತ್ತದೆ. ಕೆಳಗಿನಿಂದ ಬರುವ ನೀರು ಮತ್ತು ಆವಿಯಾಗಿ ಹೋಗುವ ನೀರು ಸಮನಾದ ಎತ್ತರದಲ್ಲಿ ತೇವದ ಗೆರೆ ನಿಲ್ಲುತ್ತದೆ. ಅಂದರೆ ಗೋಡೆಯನ್ನು ಕಾಯುತ್ತಿರುವುದು ಆವಿಯಾಗುವಿಕೆಯೇ.

ಇದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ಸೋಸುಕಾಗದದ ಎರಡು ಉದ್ದನೆಯ ಪಟ್ಟಿಗಳನ್ನು ಕತ್ತರಿಸಿ. ಒಂದನ್ನು ತಳದಲ್ಲಿ ಸ್ವಲ್ಪ ನೀರಿರುವ ಎತ್ತರದ ಗಾಜಿನ ಜಾಡಿಯೊಳಗೆ ಇಳಿಬಿಟ್ಟು ಬಾಯಿ ಮುಚ್ಚಿ. ಇನ್ನೊಂದರ ತುದಿಯನ್ನು ಬಟ್ಟಲಿನ ನೀರಿನಲ್ಲಿ ಅದ್ದಿ, ಫ್ಯಾನಿನ ಗಾಳಿಗೆ ತೂಗುಹಾಕಿ. ಕೆಲವು ಗಂಟೆಗಳ ನಂತರ ಎತ್ತರಗಳನ್ನು ಅಳೆಯಿರಿ. ಮುಚ್ಚಿದ ಜಾಡಿಯಲ್ಲಿ ನೀರು ಹೆಚ್ಚು ಎತ್ತರಕ್ಕೆ ಏರಿರುತ್ತದೆ.

ಸಿಮೆಂಟಿನ ಗಿಲಾವು ಮಣ್ಣಿನ ಗೋಡೆಗೆ ಮಾಡುವುದು ಇದನ್ನೇ. ಆವಿಯ ದಾರಿ ಇಕ್ಕಟ್ಟಾದಾಗ ತೇವ ಮೇಲಕ್ಕೇರುತ್ತದೆ. ಜೊತೆಗೆ, ಜೇಡಿಮಣ್ಣು ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ಎರೆಮಣ್ಣಿನಲ್ಲಿ ಇದು ಇನ್ನೂ ಹೆಚ್ಚು. ಗಡುಸಾದ ಗಿಲಾವು ಈ ಚಲನೆಗೆ ಹೊಂದಿಕೊಳ್ಳಲಾರದೆ ಬಿರುಕು ಬಿಡುತ್ತದೆ. ಬಿರುಕಿನಿಂದ ಮಳೆನೀರು ಒಳಗಿಳಿಯುತ್ತದೆ, ಆದರೆ ಸುಲಭವಾಗಿ ಹೊರಬರಲಾರದು. ನೆನೆದ ಮಣ್ಣಿನ ಬಲ ಕುಗ್ಗುತ್ತದೆ. ಹೊರಗೆ ಮಾತ್ರ ಗೋಡೆ ನುಣುಪಾಗಿಯೇ ಕಾಣುತ್ತದೆ. ಅಪಾಯವಿರುವುದು ಇಲ್ಲಿ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಂಚೋಸ್ ಡಿ ಟಾವೋಸ್‌ನಲ್ಲಿ ಹಸಿ ಇಟ್ಟಿಗೆಯ ಹಳೆಯ ಚರ್ಚೊಂದಿದೆ. 1967ರಲ್ಲಿ ಅದಕ್ಕೆ ಸಿಮೆಂಟಿನ ಗಿಲಾವು ಹಾಕಿದರು. ಒಳಗೆ ಸಿಕ್ಕಿಕೊಂಡ ನೀರು ಗೋಡೆಗಳನ್ನು ಕೆಡಿಸಿತು. 1979ರಲ್ಲಿ ಆ ಹೊದಿಕೆಯನ್ನು ಕಿತ್ತು ಮತ್ತೆ ಮಣ್ಣನ್ನೇ ಮೆತ್ತಿದರು. ಆ ಬಳಿಕ ಊರವರು ಸೇರಿ ವರ್ಷವರ್ಷವೂ ಮಣ್ಣಿನ ಲೇಪನ ನವೀಕರಿಸುವ ಪದ್ಧತಿ ಬೆಳೆದುಬಂತು.

ಹಾಗೆಂದು ಸಿಮೆಂಟು ಮಣ್ಣಿನ ಶತ್ರುವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಅಲ್ಲಿ ಸಿಮೆಂಟು ಇಟ್ಟಿಗೆಯ ತುಂಬ ಹರಡಿ ಕಣಗಳನ್ನು ಬೆಸೆಯುತ್ತದೆ. ನಮ್ಮ ಆಕ್ಷೇಪವಿರುವುದು ಗೋಡೆಗಿಂತ ಗಡುಸಾದ, ಆವಿಯನ್ನು ಸರಾಗವಾಗಿ ಬಿಡದ ಹೊರಕವಚದ ಬಗ್ಗೆ ಮಾತ್ರ. ಮಣ್ಣು, ಸಗಣಿಗಳ ಸಾರಣೆ ವರ್ಷವರ್ಷದ ದುಡಿಮೆ. ಅದು ಹೆಚ್ಚಾಗಿ ಹೆಂಗಸರ ಪಾಲಿನದು. ಜನ ಸಿಮೆಂಟಿನತ್ತ ತಿರುಗಲು ಇದೂ ಕಾರಣ. ಈ ಶ್ರಮವನ್ನು ಲೆಕ್ಕಕ್ಕೆ ಹಿಡಿಯದೆ 'ಹಳೆಯದೇ ಒಳ್ಳೆಯದು' ಎನ್ನುವುದು ನ್ಯಾಯವಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ನೀರಿನ ಮೂಲವನ್ನು ಹುಡುಕಿ: ಸೋರುವ ಮಾಡು, ಗಿಡ್ಡ ಸೂರು, ಗೋಡೆಗೆ ತಾಗಿ ನಿಲ್ಲುವ ಬಚ್ಚಲ ನೀರು, ಬುಡಕ್ಕೆ ಒರಗಿದ ಮಣ್ಣಿನ ರಾಶಿ. ಇವನ್ನು ಸರಿಪಡಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಡಿ. ಗೋಡೆ ಒಣಗಲು ಸಮಯ ಬಿಡಿ. ಕೊನೆಯಲ್ಲಿ, ಹುಲ್ಲು ಬೆರೆಸಿದ ಮಣ್ಣು ಅಥವಾ ಸುಣ್ಣದ ಗಾರೆಯಂತಹ, ಆವಿಯನ್ನು ಹೊರಬಿಡುವ ಗಿಲಾವು ಹಾಕಿ. ಸೂರು ಚಾಚಿದ್ದು, ಬುಡ ಒಣಗಿದ್ದರೆ ಸಾರಣೆಯ ಕೆಲಸವೂ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಮಣ್ಣಿನ ಗೋಡೆ ಕುಸಿದು ಸಾವು ಸಂಭವಿಸಿದ ಸುದ್ದಿಗಳನ್ನು ನೀವು ಓದಿರುತ್ತೀರಿ. ಸಿಮೆಂಟು ಬಳಿದ ಮಣ್ಣಿನ ಗೋಡೆ ನಿಮ್ಮ ಮನೆಯಲ್ಲಿದ್ದರೆ ಅದರ ಬುಡವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆ ಎಂದರ್ಥ. ಗೋಡೆ ಉಬ್ಬಿದ್ದರೆ ಅಥವಾ ವಾಲಿದ್ದರೆ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಗಿಲಾವನ್ನು ಆತುರದಿಂದ ಒಮ್ಮೆಗೇ ಕೀಳಲೂಬಾರದು. ಅನುಭವಿ ಗಾರೆಕೆಲಸದವರನ್ನು ಕರೆಸಿ, ಮೊದಲು ಮಾಡಿಗೆ ಊರೆ ಕೊಡಿಸಿ.