ಮುದ್ದಣನ ಹೆಸರಿನಲ್ಲೊಂದು ಬಹುಮಾನ

ಕಾರ್ಕಳ ತಾಲ್ಲೂಕಿನ ಕಾಂತಾವರದ ಕನ್ನಡ ಸಂಘವು ಅಚ್ಚಾಗದ ಕವನಸಂಕಲನದ ಹಸ್ತಪ್ರತಿಗೆ ಕೊಡುತ್ತ ಬಂದಿರುವ ಪ್ರಶಸ್ತಿಗೆ ಮುದ್ದಣನ ಹೆಸರಿದೆ. ಅದೇ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಕವಿಯನ್ನು ಆ ನೆಲದವರು ಹೀಗೆ ಸ್ಮರಿಸುವುದು ಉಚಿತವೇ ಸರಿ; ಆದರೆ ತನ್ನ ಕೃತಿಯ ಕರ್ತೃತ್ವವನ್ನೇ ಮರೆಮಾಚಿದವನೊಬ್ಬನ ಹೆಸರು, ಕರ್ತೃವನ್ನು ಹುಡುಕಿ ವೇದಿಕೆಗೆ ಕರೆದು ಶಾಲು ಹೊದಿಸುವ ಬಹುಮಾನಕ್ಕೆ ಸಂದಿರುವ ಈ ವೈಚಿತ್ರ್ಯವು, ಕಾವ್ಯಸ್ಪರ್ಧೆಗಳ ಗುಣದೋಷಗಳನ್ನು ತೂಗಹೊರಟವನನ್ನು ತಡೆದು ನಿಲ್ಲಿಸದೆ ಇರದು.

ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಅಂಗಸಾಧನೆ ಹೇಳಿಕೊಡುತ್ತಿದ್ದ ಆ ಕವಿ ಲಕ್ಷ್ಮೀನಾರಣಪ್ಪ ‘ರಾಮಾಶ್ವಮೇಧ’ವನ್ನು ಬರೆದು, ಪ್ರಾಚೀನ ಗ್ರಂಥಗಳನ್ನು ಪ್ರಕಟಿಸುತ್ತಿದ್ದ ಮೈಸೂರಿನ ಸಂಪಾದಕರಿಗೆ ಅದನ್ನು ಮುದ್ದಣನೆಂಬ ಹಳಗಾಲದ ಕವಿಯದೆಂಬ ಸೋಗಿನಲ್ಲಿ ಕಳುಹಿಸಿದ. 1901ರಲ್ಲಿ, ಮೂವತ್ತು ದಾಟಿದ ಎಳೆಯ ಪ್ರಾಯದಲ್ಲಿ, ಕ್ಷಯರೋಗ ಅವನನ್ನು ಕೊಂಡೊಯ್ದಿತು. ಆ ಪ್ರಾಚೀನ ಕವಿ ನಮ್ಮ ಕಾಲದ ಡ್ರಿಲ್ ಮಾಸ್ತರನೆಂಬುದು ಓದುಗಲೋಕಕ್ಕೆ ತಿಳಿದದ್ದು ಆಮೇಲೆ. ಇದನ್ನು ನಿಷ್ಕಾಮ ಕಾವ್ಯಕರ್ಮವೆಂದೂ ಸ್ವಾಂತಸ್ಸುಖಾಯ ಬರೆದುದೆಂದೂ ಕೊಂಡಾಡುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಹಳೆಯದಕ್ಕೆ ಮನ್ನಣೆಯುಂಟು, ಹೊಸಬನ ಹಳಗನ್ನಡಕ್ಕಿಲ್ಲ ಎಂಬ ಅಳುಕು ಅವನಲ್ಲಿತ್ತೆಂದೇ ನನ್ನ ಊಹೆ. ಹೆಸರಿನ ಆಸೆಯನ್ನು ಬಿಟ್ಟವನಿಗೂ ಕೃತಿ ಅಂಗೀಕೃತವಾಗಬೇಕೆಂಬ ಆಸೆ ಬಿಡಲಿಲ್ಲ. ಮೈಸೂರಿನ ಆ ವಿದ್ವಾಂಸರೇ ಅವನ ತೀರ್ಪುಗಾರರು.

ಆದರೂ ಇಂದು ‘ರಾಮಾಶ್ವಮೇಧ’ದಲ್ಲಿ ಜನ ಓದುವುದೇನನ್ನು? ಕುದುರೆಯ ಹಿಂದೆ ಊರೂರು ಅಲೆಯುವ ಸೇನೆಯ ಕಥೆಯನ್ನಲ್ಲ. ಕಥೆ ಹೇಳುವ ಮುದ್ದಣನನ್ನು ನಡುನಡುವೆ ತಡೆದು, ಪದ್ಯ ಬೇಡ ಗದ್ಯದಲ್ಲಿ ಹೇಳೆಂದು ಹಟ ಹಿಡಿದು, ಅರ್ಥವಾಗದ ಸಂಸ್ಕೃತಕ್ಕೆ ಮೂಗು ಮುರಿದು, ಗಂಡನ ಪಾಂಡಿತ್ಯವನ್ನು ಕೆಣಕಿ ನಗುವ ಮನೋರಮೆಯ ಸಲ್ಲಾಪವನ್ನು. ಪುರಾಣಕಥೆ ಸಂಪಾದಕರ ಕಣ್ಣಿಗೆ ಬೇಕಾಗಿದ್ದ ವೇಷ. ಈ ದಂಪತಿಗಳ ಮಾತನ್ನು ಯಾವ ಹಳೆಯ ಮಾದರಿಯೂ ಅವನಿಂದ ಕೇಳಿರಲಿಲ್ಲ. ಕೇಳದೆ ಕೊಟ್ಟದ್ದೇ ಉಳಿಯಿತು. ಪಂಪನಲ್ಲಿಯೂ ಹೀಗೆಯೇ: ತನ್ನ ಅರಸ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ ಹಾಡಿದ್ದಕ್ಕೆ ಧರ್ಮವುರದ ಅಗ್ರಹಾರ ದೊರೆಯಿತು, ಕರ್ಣನನ್ನು ಮರೆಯಬೇಡಿರೆಂದು ಹೇಳಿದ ಆ ಮಾತಿಗೆ ಅರಸನ ಭಂಡಾರದಲ್ಲಿ ದರವಿದ್ದಂತೆ ಕಾಣದು. ಆದಕಾರಣ ಬಹುಮಾನವು ಕವಿಯನ್ನು ಕೆಡಿಸಿಯೇ ತೀರುತ್ತದೆಂಬ ವೈರಾಗ್ಯದ ಮಾತು ನನಗೆ ರುಚಿಸುವುದಿಲ್ಲ. ತೊಂದರೆಯಿರುವುದು ಕವಿಯ ಆಸೆಯಲ್ಲಿ ಅಲ್ಲ, ತೀರ್ಪಿನ ವಿಧಾನದಲ್ಲಿ.

ದೀಪಾವಳಿ ವಿಶೇಷಾಂಕದ ಕವನಸ್ಪರ್ಧೆಯೊಂದರ ಕಟ್ಟನ್ನು ಮುಂದಿಟ್ಟುಕೊಂಡ ತೀರ್ಪುಗಾರನನ್ನು ನೆನೆಯಿರಿ. ಹೆಸರಿಲ್ಲದ ಹಾಳೆಗಳು, ಮೂಲೆಯಲ್ಲಿ ಕ್ರಮಾಂಕ, ವಾರದೊಳಗೆ ಹಿಂದಿರುಗಿಸಬೇಕೆಂಬ ಸೂಚನೆ. ಅವ್ವನ ಸೀರೆಯ ಸೆರಗು ಒಂದರಲ್ಲಿ, ಬತ್ತಿದ ಕೆರೆ ಇನ್ನೊಂದರಲ್ಲಿ, ಬುದ್ಧನಂತೂ ಹೆಜ್ಜೆಹೆಜ್ಜೆಗೆ. ಕೊನೆಯ ಎರಡು ಪಂಕ್ತಿಗಳು ಚಪ್ಪಾಳೆಗೆಂದೇ ಹದಗೊಳಿಸಿದಂಥವು. ಇಂಥ ರಾಶಿಯಲ್ಲಿ ಮೊದಲ ಓದಿಗೇ ಕೈಹಿಡಿದು ನಿಲ್ಲಿಸುವ ಪದ್ಯ ಗೆಲ್ಲುತ್ತದೆ. ಮೂರನೆಯ ಓದಿಗೆ ಬಾಗಿಲು ತೆರೆಯುವ ಪದ್ಯ, ಮೂರನೆಯ ಓದಿಗೆ ಅವಕಾಶವೇ ಇಲ್ಲದ್ದರಿಂದ, ಕಟ್ಟಿನ ತಳ ಸೇರುತ್ತದೆ. ಗೆದ್ದ ಪದ್ಯವನ್ನು ಓದಿದ ಎಳೆಯರು ಮರುವರ್ಷ ಅದರ ಅಚ್ಚಿನಲ್ಲಿಯೇ ಎರಕ ಹೊಯ್ಯುತ್ತಾರೆ.

ಹಸ್ತಪ್ರತಿಯ ಸ್ಪರ್ಧೆ ಇದಕ್ಕಿಂತ ಮೇಲೆಂದು ನನ್ನ ನಿಶ್ಚಿತ ಮತ. ಒಂದು ಪದ್ಯಕ್ಕೆ ಅಲಂಕಾರ ಮಾಡಿ ಕಳುಹಿಸಬಹುದು; ನಲವತ್ತು ಪದ್ಯಗಳನ್ನು ಒಟ್ಟಿಗೆ ಸಿಂಗರಿಸಿ ಮರೆಮಾಚುವುದು ಕಷ್ಟ. ಒಂದೇ ಪದದ ಮೇಲೆ ಮತ್ತೆ ಮತ್ತೆ ಬೀಳುವ ಒಲವು, ಛಂದಸ್ಸಿನ ಸೋಮಾರಿತನ, ಎಲ್ಲೋ ಅಕಸ್ಮಾತ್ತಾಗಿ ಹೊಮ್ಮುವ ನಿಜವಾದ ಧ್ವನಿ, ಎಲ್ಲವೂ ಹೊರಬೀಳುತ್ತವೆ. ಮೇಲಾಗಿ ಬೆಂಗಳೂರಿನ ಪ್ರಕಾಶಕರ ಪರಿಚಯವಿಲ್ಲದ ಹಳ್ಳಿಯ ಶಾಲಾಮಾಸ್ತರನಿಗೆ, ಕವನಸಂಕಲನವೆಂದರೆ ಕೈಯಿಂದಲೇ ಹಣ ಹಾಕಿ ಅಚ್ಚುಮಾಡಿಸಬೇಕಾದ ಈ ನಾಡಿನಲ್ಲಿ, ಇಂಥ ಪ್ರಶಸ್ತಿಯೊಂದು ಮೊದಲ ಪುಸ್ತಕಕ್ಕೆ ದಾರಿಯಾದರೆ ಅದು ಸಣ್ಣ ಉಪಕಾರವಲ್ಲ.

ಹೀಗಿದ್ದರೂ, ಮುದ್ದಣ ತನ್ನ ಗ್ರಂಥವನ್ನು ಇಂದಿನ ಸ್ಪರ್ಧೆಯೊಂದಕ್ಕೆ ಕಳುಹಿಸಿದ್ದರೆ, ಮನೋರಮೆಯ ಸಲ್ಲಾಪಗಳು ಕಥೆಯ ಓಟಕ್ಕೆ ಅಡ್ಡಿಯೆಂದು ಯಾರಾದರೊಬ್ಬ ತೀರ್ಪುಗಾರ ಅಂಕ ಕಡಿಯುತ್ತಿದ್ದನೇನೋ ಎಂಬ ಶಂಕೆ ನನ್ನನ್ನು ಬಿಟ್ಟಿಲ್ಲ. ಕಡಿದರೂ ಕಡಿಯಲಿ, ಏಕೆ ಕಡಿದೆನೆಂದು ಬರೆದರೆ ಸಾಕು. ನಮ್ಮ ಸ್ಪರ್ಧೆಗಳಲ್ಲಿ ಗೆದ್ದವನ ಭಾವಚಿತ್ರ ಅಚ್ಚಾಗುತ್ತದೆ, ತೀರ್ಪುಗಾರರ ಹೆಸರುಗಳೂ ಅಚ್ಚಾಗುತ್ತವೆ, ತೀರ್ಪಿನ ಕಾರಣ ಮಾತ್ರ ಅಚ್ಚಾಗುವುದು ವಿರಳ. ‘ಹಸ್ತಪ್ರತಿಗಳನ್ನು ಹಿಂತಿರುಗಿಸಲಾಗುವುದಿಲ್ಲ’ ಎಂಬ ಪ್ರಕಟಣೆಯ ಕಡೆಯ ಸಾಲೇ ಸೋತವನಿಗೆ ದೊರೆಯುವ ವಿಮರ್ಶೆ. ಕಡೆಯ ಸುತ್ತಿನವರೆಗೆ ಬಂದು ನಿಂತ ನಾಲ್ಕಾರು ಹಸ್ತಪ್ರತಿಗಳ ಕುರಿತು ತೀರ್ಪುಗಾರರು ತಲಾ ಅರ್ಧ ಪುಟ ಬರೆದು, ಸಂಘದವರು ಅದನ್ನು ಅಂಚೆಯಲ್ಲಿ ಕಳುಹಿಸಿಕೊಟ್ಟರೆ, ಬಹುಮಾನದ ಹಣದಲ್ಲಿ ಅದರ ಖರ್ಚು ಲೆಕ್ಕಕ್ಕೂ ಬಾರದು.