ಒಂದನ್ನೊಂದು ಹೋಲುವ ಎರಡು ಬಿಳುಪುಗಳು

ಪಡಸಾಲೆಯ ಗೋಡೆಗೆ ಕೆನೆಬಿಳುಪೋ ಬೂದುಬಿಳುಪೋ ಎಂಬ ಪ್ರಶ್ನೆ ಕೆಂಪು, ಹಸಿರುಗಳ ನಡುವಣ ಆಯ್ಕೆಗಿಂತ ತೊಡಕಿನದು. ಏಕೆಂದರೆ ಎರಡರಲ್ಲೂ ಮುಖ್ಯ ವರ್ಣದ್ರವ್ಯ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯೇ ಆಗಿದ್ದು, ಅಂಗಡಿಯಲ್ಲಿ ಬೆರೆಸುವ ಹಳದಿ ಅಥವಾ ಕಪ್ಪು ಬಣ್ಣದ ತೀರ ಸಣ್ಣ ಪ್ರಮಾಣವಷ್ಟೇ ಅವನ್ನು ಬೇರೆಯಾಗಿಸುತ್ತದೆ. ಹೀಗೆ ಬಿಳುಪಿನೊಳಗೆ ಅಡಗಿರುವ ಬಣ್ಣವನ್ನು ಒಳಛಾಯೆ ಎನ್ನಬಹುದು. ಶೇಡ್ ಕಾರ್ಡಿನ ಸಣ್ಣ ಚೌಕದಲ್ಲಿ ಕಾಣದ ಅದು, ಗೋಡೆಯಿಂದ ಗೋಡೆಗೆ ಬೆಳಕು ಪ್ರತಿಫಲಿಸುವ ಕೋಣೆಯಲ್ಲಿ ಗಾಢವಾಗಿ ತೋರುತ್ತದೆ. ಸುಣ್ಣದ ಹಳದಿಯನ್ನು ಅಡಗಿಸಲು ಚಿಟಿಕೆ ನೀಲಿ ಬೆರೆಸುತ್ತಿದ್ದ ಹಿರಿಯರಿಗೆ ಈ ಸೂಕ್ಷ್ಮ ಚೆನ್ನಾಗಿಯೇ ತಿಳಿದಿತ್ತು.

ಉತ್ತರದ ಕಿಟಕಿಯಿಂದ ಆಕಾಶದ ನೀಲಿ ಬೆಳಕು ಮಾತ್ರ ಬರುವುದರಿಂದ ಆ ಕೋಣೆಗೆ ಹಳದಿ ಒಳಛಾಯೆಯೇ ತಕ್ಕುದೆಂಬ ಸೂತ್ರ ಯುರೋಪಿನ ಚಳಿನಾಡುಗಳಿಗೆ ಸಲ್ಲುವಂಥದು. ನಮ್ಮ ಸೀಮೆಯ ಮಾತು ಬೇರೆ: ಉದಾಹರಣೆಗೆ, ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯನೂ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಬೇಸಿಗೆಯ ಬೆಳಗು ಸಂಜೆಗಳ ಓರೆಬಿಸಿಲು ಉತ್ತರದ ಕಿಟಕಿಯೊಳಗೂ ಬೀಳುತ್ತದೆ, ಮುಂಗಾರಿನ ಮೋಡ ಕವಿದಾಗ ಅದೇ ಗೋಡೆ ಮಂಕಾಗುತ್ತದೆ. ಆದ್ದರಿಂದ ದಿಕ್ಕೊಂದನ್ನೇ ನೆಚ್ಚಿ ಬಣ್ಣ ಆರಿಸುವುದು ಈ ಸೀಮೆಯಲ್ಲಿ ಸಲ್ಲದು.

ದಿಕ್ಕಿಗಿಂತ ಹೆಚ್ಚು ಗಮನಿಸಬೇಕಾದದ್ದು ನೆಲ. ಅಕ್ಕಪಕ್ಕದ ಬಣ್ಣಗಳು ಪರಸ್ಪರರ ತೋರಿಕೆಯನ್ನು ಬದಲಿಸುವ ಬಗೆಯನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೊಲ್ 1839ರ ಗ್ರಂಥದಲ್ಲಿ ವಿವರಿಸಿದ್ದು, ಅದರಂತೆ ನೀಲಿಯತ್ತ ವಾಲಿದ ಬೂದು ಬಣ್ಣದ ಶಹಾಬಾದ್ ಕಲ್ಲಿನ ಮಗ್ಗುಲಲ್ಲಿ ಕೆನೆಬಿಳುಪು ಇನ್ನಷ್ಟು ಹಳದಿಯಾಗಿ ಕಾಣುತ್ತದೆ. ಅಂಥ ನೆಲಕ್ಕೆ ಬೂದುಬಿಳುಪು ಸೇರಿದರೆ ಮಳೆಗಾಲದಲ್ಲಿ ಇಡೀ ಕೋಣೆ ಒಂದೇ ಮಬ್ಬಿನಲ್ಲಿ ಮುಳುಗುವುದರಿಂದ ಕೆನೆಬಿಳುಪೇ ಲೇಸು, ಆದರೆ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದು. ಕೆಂಪು ನೆಲದ ಮನೆಯಲ್ಲಿ ಈ ತೀರ್ಪು ತಿರುವುಮುರುವಾದೀತು: ನೆಲದಿಂದ ಮೇಲೇಳುವ ಕೆಂಬೆಳಕು ಕೆನೆಬಿಳುಪನ್ನು ಗುಲಾಬಿಯತ್ತ ಎಳೆಯುತ್ತದೆ, ಬೂದುಬಿಳುಪು ಅದನ್ನು ತಡೆದುಕೊಳ್ಳುತ್ತದೆ.

ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ನೀಲಿಯನ್ನೂ 3000 ಕೆಲ್ವಿನ್‌ನ ದೀಪ ಹಳದಿಯನ್ನೂ ಎತ್ತಿ ತೋರಿಸುತ್ತದೆ. ಹಳೆಯ ಬಣ್ಣದ ಮೇಲೆಯೇ ಪಟ್ಟಿ ಎಳೆದು ನೋಡುವುದಕ್ಕಿಂತ, ಎರಡಡಿ ಹಲಗೆಗಳಿಗೆ ಪ್ರೈಮರ್ ಮತ್ತು ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ನೆಲಕ್ಕೆ ತಾಗುವಂತೆ ಒಂದೊಂದಾಗಿ ಗೋಡೆಗಾನಿಸಿ, ಬೆಳಿಗ್ಗೆ, ನಡುಹಗಲು ಮತ್ತು ರಾತ್ರಿ ಮನೆಯ ದೀಪದಡಿ ನೋಡುವುದು ಮೇಲು.